ತೂಬು ತೆರೆದೈತೆ ಅಂದ ಡಾಕ್ಟ್ರಮ್ಮ

ಡಾಕ್ಟ್ರಮ್ಮ ತೀರಿಕೊಂಡರು ಎಂಬ ಫೋನು ಬಂದಾಗ ನಾನು ಒಬ್ಬ ಗಂಡಸಿನಿಂದ ಬೈಸಿಕೊಳ್ಳುತ್ತಿದ್ದೆ. ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಅಡ್ಡರಸ್ತೆಯಲ್ಲಿ ನನ್ನದೊಂದು ಸಣ್ಣ ಲ್ಯಾಬು. ರಕ್ತ, ಮೂತ್ರ, ಕಫ, ಜೊತೆಗೆ ಗಂಡಸರ ವೀರ್ಯ ಪರೀಕ್ಷೆ. ಅದರ ಮೇಲಿನ ಮಹಡಿಯಲ್ಲಿ ಡಾಕ್ಟ್ರಮ್ಮನ ಸ್ಕ್ಯಾನ್ ಕೋಣೆ. ಆ ಗಂಡಸಿಗೆ ನಾನು ನೀಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದೆ. ಅವನು ನನ್ನ ತಾಯಿಯನ್ನೂ ತಾಯಿಯ ತಾಯಿಯನ್ನೂ ಸೇರಿಸಿ ಬೈಯುತ್ತಿದ್ದ. ಫೋನಿಟ್ಟು, "ಸ್ವಾಮಿ, ಬೇಗ ಬೈದು ಮುಗಿಸಿ, ನಾನು ಅಳೋಕೆ ಹೋಗಬೇಕು" ಅಂದೆ. ಅವನು ತಬ್ಬಿಬ್ಬಾಗಿ ಡಬ್ಬಿ ತೆಗೆದುಕೊಂಡು ಬಚ್ಚಲಿಗೆ ಹೋದ. ಸತ್ತ ಮೇಲೂ ಆಯಮ್ಮ ಒಬ್ಬನನ್ನು ದಾರಿಗೆ ತಂದರಲ್ಲ ಎಂದುಕೊಂಡೆ.

ಮೊದಲು ಡಬ್ಬಿ, ಆಮೇಲೆ ಕೊಳವೆ. ಇದು ಅವರ ಕಟ್ಟಪ್ಪಣೆ. ಮಕ್ಕಳಾಗಲಿಲ್ಲ ಎಂದು ಬರುವ ಹೆಂಗಸಿನ ಗರ್ಭಕೋಶಕ್ಕೂ ಗರ್ಭನಾಳಕ್ಕೂ ನೊರೆ ಬಿಟ್ಟು ಸ್ಕ್ಯಾನ್ ಮಾಡುವುದು ಅವರ ಕಸುಬು. ಆದರೆ ಗಂಡ ಕೆಳಗಿಳಿದು ನನ್ನ ಹತ್ತಿರ ಡಬ್ಬಿ ಈಸಿಕೊಂಡು, ಅದರ ರಿಪೋರ್ಟು ಮೇಲೆ ಹೋಗುವ ತನಕ ಹೆಂಡತಿಯನ್ನು ಮಂಚ ಹತ್ತಿಸುತ್ತಿರಲಿಲ್ಲ. ಇದರಿಂದ ಅವರಿಗೆ ನಷ್ಟವೇ ಆಯಿತು. ನಮ್ಮ ಕಡೆಯ ಗಂಡಸರು ಕಣ್ಣು, ಕಿಡ್ನಿ, ಕೊನೆಗೆ ಎದೆ ಸೀಳಿದರೂ ತೋರಿಸುತ್ತಾರೆ, ಅದೊಂದನ್ನು ತೋರಿಸುವುದಿಲ್ಲ. ಅರ್ಧಕ್ಕರ್ಧ ಜನ ಮೆಟ್ಟಿಲಿನಿಂದಲೇ ವಾಪಸಾಗಿ ಬೇರೆ ಡಾಕ್ಟರನ್ನು ಹುಡುಕಿಕೊಳ್ಳುತ್ತಿದ್ದರು.

ಉಳಿದರ್ಧದವರ ಸಿಟ್ಟೆಲ್ಲ ನನ್ನ ತಲೆಗೆ. ಚನ್ನರಾಯಪಟ್ಟಣದ ಒಬ್ಬ ಕಂಟ್ರಾಕ್ಟರು ಡಬ್ಬಿಯನ್ನು ನನ್ನ ಮುಖಕ್ಕೆ ಎಸೆದು, ಕೊರಳಪಟ್ಟಿ ಹಿಡಿದು ಗೋಡೆಗೆ ಒರಗಿಸಿದ. "ನಾನ್ಯಾರು ಗೊತ್ತೇನ್ಲಾ? ನಮ್ ವಂಸದಾಗೆ ಇಂಗ್ ಯಾರಾದ್ರೂ ಕೇಳವ್ರೇನ್ಲಾ?" ಎಂದು ಅಬ್ಬರಿಸಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚರ್ಮದ ಚಪ್ಪಲಿಯ ಸದ್ದು. ಸ್ಕ್ಯಾನಿನ ಜೆಲ್ಲು ಮೆತ್ತಿದ್ದ ಕೈಗವಸಿನಲ್ಲೇ ಇಳಿದು ಬಂದ ಡಾಕ್ಟ್ರಮ್ಮ ಅವನ ಕೆನ್ನೆಗೆ ಬಾರಿಸಿದ ರಭಸಕ್ಕೆ ರಸ್ತೆಯಾಚೆಯ ಟೀ ಅಂಗಡಿಯವನು ಎದ್ದು ನಿಂತ. ಕೆನ್ನೆಯ ಮೇಲೆ ಐದು ಬೆರಳಿನ ಜೆಲ್ಲು ಮಿರಮಿರ ಮಿಂಚುತ್ತಿತ್ತು.

"ಎಂಡ್ತಿನ ಊರೂರ್ಗೆ ಕರ್ಕಂಡೋಗಿ ಕಂಡೋರ್ ಮುಂದೆಲ್ಲ ಮಂಚ ಅತ್ತಿಸ್ದಲ್ಲ, ಆಗ್ ವಂಸ ಎಲ್ಲೋಗಿತ್ಲಾ? ನಿಂಗೆ ಒಂದ್ ಡಬ್ಬಿ ಬಾರ ಆಯ್ತೇನ್ಲಾ?"

ಡಾಕ್ಟ್ರಮ್ಮ ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಯವರು. ಮೈಸೂರಲ್ಲಿ ಓದಿ ಮಾತು ತಿದ್ದಿಕೊಂಡಿದ್ದರು. ಆದರೆ ಸಿಟ್ಟು ಬಂತೆಂದರೆ ತಿದ್ದಿದ್ದೆಲ್ಲ ಉದುರಿ ಹುಟ್ಟಿದೂರಿನ ಮಾತು ಎದ್ದು ಬರುತ್ತಿತ್ತು. 'ಹೋಗಿ, ಹೇಳಿ' ಎನ್ನುವ ತನಕ ಭಯವಿಲ್ಲ. 'ಓಗ್ಲಾ' ಎಂದರೆ ಮೂರು ಮಾರು ದೂರ ನಿಲ್ಲಬೇಕು. ಎತ್ತರದ ಆಳು, ಕೈಗೆ ಗಂಡಸರ ಗಡಿಯಾರ, ಸೆರಗಿಗೆ ಬಟ್ಟೆ ಪಿನ್ನು. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನ ನನ್ನ ಲ್ಯಾಬಿಗೆ ಬಂದು ಕೂತು, ನೆನೆಸಿದ ಅವರೆಕಾಳನ್ನು ಪಟಪಟ ಹಿಸುಕುತ್ತಾ ಹರಟುತ್ತಿದ್ದರು. ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆಯಲಿಲ್ಲ. "ಏನಯ್ಯ ಲ್ಯಾಬು" ಎನ್ನುತ್ತಿದ್ದರು. ನಾನು ಹೊಳೇನರಸೀಪುರದಿಂದ ದಿನಾ ರೈಲಿಗೆ ಬರುವವನು. ರೈಲು ತಡವಾದರೆ ನನ್ನ ವಂಶಕ್ಕೇ ಸೋಮಾರಿತನದ ಪಟ್ಟ ಕಟ್ಟುತ್ತಿದ್ದರು.

"ಹೊಡೆಯೋದು ತಪ್ಪು ಮೇಡಂ" ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದೆ.

"ತಪ್ಪೇ. ಯಾರು ಅಲ್ಲ ಅಂದರು? ಅವನು ಹೋಗಿ ಕಂಪ್ಲೇಂಟ್ ಕೊಡಲಿ. ಯಾಕೆ ಹೊಡೆದರು ಅಂತ ಸ್ಟೇಷನ್‌ನಲ್ಲಿ ಬಾಯಿಬಿಟ್ಟು ಹೇಳಲಿ, ನೋಡೋಣ." ಯಾರೂ ಕೊಡಲಿಲ್ಲ. ಅದೇ ಅವರ ಧೈರ್ಯ. ನನಗೆ ಆ ಧೈರ್ಯ ಕಂಡರೆ ಒಳಗೊಳಗೇ ಭಯವಾಗುತ್ತಿತ್ತು.

ಇದೇ ಕೈ ಮಂಚದ ಬಳಿ ಬೇರೆಯಾಗುತ್ತಿತ್ತಂತೆ. ಆ ಪರೀಕ್ಷೆ ಮಾಡಿಸಿಕೊಂಡ ಹೆಂಗಸರು ಇಳಿಯುವಾಗ ಹೇಳುತ್ತಿದ್ದ ಮಾತು ಒಂದೇ, "ನೋವು ಗೊತ್ತಾಗ್ನೇ ಇಲ್ಲ ಕಣಪ್ಪ." ಒಂದು ದಿನ ರೆಕಾರ್ಡ್ ಮಾಡಿದ್ದನ್ನು ನನಗೂ ತೋರಿಸಿದ್ದರು. ಎರಡು ಸಿರಿಂಜನ್ನು ಒಂದಕ್ಕೊಂದು ಜೋಡಿಸಿ, ಔಷಧದ ನೀರನ್ನು ಅತ್ತಿಂದಿತ್ತ ಇತ್ತಿಂದತ್ತ ರಭಸವಾಗಿ ತಳ್ಳಿದರೆ ನೊರೆಯಾಗುತ್ತದೆ. ಸಣ್ಣ ನಳಿಕೆಯಲ್ಲಿ ಅದನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ಎಕ್ಸ್‌ರೇ ಇಲ್ಲ, ಕುಯ್ಯುವುದಿಲ್ಲ. ಕಪ್ಪು ತೆರೆಯ ಮೇಲೆ ಗರ್ಭಕೋಶ ಬೆಳ್ಳಗಾಗುತ್ತದೆ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಬಿಳಿ ಗೆರೆ ಹೊರಡುತ್ತದೆ. ನಾಳ ತೆರೆದಿದ್ದರೆ ನೊರೆ ಅದರ ಕೊನೆ ಮುಟ್ಟಿ ಅಂಡಾಶಯದ ಸುತ್ತ ಚೆಲ್ಲಿಕೊಳ್ಳುತ್ತದೆ. ಕಟ್ಟಿಕೊಂಡಿದ್ದರೆ ದಾರಿಯಲ್ಲೇ ನಿಲ್ಲುತ್ತದೆ, ಹೊಟ್ಟೆ ಹಿಂಡುತ್ತದೆ. ಡಾಕ್ಟ್ರಮ್ಮ ತೆರೆಯನ್ನು ಮಲಗಿದವಳ ಕಡೆಗೇ ತಿರುಗಿಸಿ, "ನೋಡವ್ವ, ನಿನ್ನೊಳಗಿನದು, ಮೊದಲು ನೀನು ನೋಡು" ಎನ್ನುತ್ತಿದ್ದರು. ಆಮೇಲೆ ಅತ್ತೆಯನ್ನು ಒಳಗೆ ಕರೆಯುತ್ತಿದ್ದರು.

ಅತ್ತೆಯರಿಗೆ ತಿಳಿಯುವ ಹಾಗೆ ಹೇಳುವುದರಲ್ಲಿ ತಮ್ಮಷ್ಟು ಜಾಣರಿಲ್ಲ ಎಂಬ ಹೆಮ್ಮೆ ಅವರಿಗೆ ಇತ್ತು. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವವರು ಬಂದರೆ, "ಬಿತ್ತನೆ ಗೆಡ್ಡೆ ಕೊಳೆತರೆ ಮಂಡಿಗೆ ಹೋಗಿ ಮಾರಿದೋನ ಕೊರಳಪಟ್ಟಿ ಹಿಡೀತೀರಿ. ಇಲ್ಲಿ ಮಾತ್ರ ಬಿತ್ತನೆ ನೋಡದೆ ಹೊಲಕ್ಕೇ ಹೊಡೀತೀರಲ್ಲ!" ಎನ್ನುತ್ತಿದ್ದರು. ಮುದುಕಿಯರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ನೀರಾವರಿಯವರು ಬಂದರೆ ಕೆರೆಯ ನೀರು ಹೊರಬಿಡುವ ತೂಬಿನ ಮಾತು. "ತೂಬು ತೆರೆದೈತೆ, ನಾಲೇಲಿ ನೀರು ಹರೀತೈತೆ, ಇನ್ನೇನು ಬೇಕು?" ಈ ಮಾತುಗಳು ನನಗೂ ಬಾಯಿಪಾಠವಾಗಿದ್ದವು. ಓದಿದವರು ಹೀಗೆ ಮಾತಾಡಬೇಕು ಎಂದು ನಾನೂ ಮೆಚ್ಚಿಕೊಳ್ಳುತ್ತಿದ್ದೆ.

ಪವಿತ್ರ ಬಂದದ್ದು ಅರಕಲಗೂಡು ಕಡೆಯ, ಕೆರೆಯ ಕೆಳಗಿನ ಒಂದು ಹಳ್ಳಿಯಿಂದ. ಜೊತೆಗೆ ಅತ್ತೆ, ಗಂಡ. ಹೊಗೆಸೊಪ್ಪು ಬೆಳೆಯುವ, ಮನೆ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ ಇರುವ, ಅನುಕೂಲದ ಕುಳ. ಗಂಡ ಇಸ್ತ್ರಿ ಅಂಗಿ ಹಾಕಿದ್ದ, ಮಾತಿಗೊಮ್ಮೆ "ಸಾ, ಸಾ" ಎನ್ನುತ್ತಿದ್ದ. ಡಬ್ಬಿ ಕೊಟ್ಟಾಗ ಬೈಯಲಿಲ್ಲ. "ಸೊಪ್ಪು ಬೇಯ್ತಾ ಐತೆ ಸಾ, ಒಲೆ ಬಿಟ್ಟು ಬಂದಿವ್ನಿ. ಮುಂದಿನ್ ವಾರ ಬತ್ತೀನಿ" ಎಂದು ನಯವಾಗಿ ಮೇಜಿನ ಮೇಲೆ ಇಟ್ಟ. ಹಾಗಾದರೆ ಪರೀಕ್ಷೆಯೂ ಮುಂದಿನ ವಾರವೇ ಎಂದು ಡಾಕ್ಟ್ರಮ್ಮ ಹೇಳಿ ಕಳಿಸಿದರು. ಪವಿತ್ರ ಅವರ ಕಾಲು ಹಿಡಿದಳು. "ಇವತ್ತೇ ಮಾಡ್ಬುಡಿ ಮೇಡಂ. ಸುಮ್ಕೆ ವಾಪಸ್ ಓದ್ರೆ ನನ್ ಬೆನ್ನಾಗೆ ಜಾಗ ಉಳ್ದಿಲ್ಲ" ಎಂದು ರವಿಕೆ ಸರಿಸಿ ಬೆನ್ನು ತೋರಿಸಿದಳಂತೆ. ಊರಲ್ಲಿ ಆಗಲೇ ಅವನಿಗೆ ಎರಡನೇ ಹೆಣ್ಣು ನೋಡುವ ಮಾತು ನಡೆದಿತ್ತು. ಇವಳು ಬಂಜೆ ಎಂದು ಡಾಕ್ಟರ ಬಾಯಲ್ಲಿ ಬರುವುದೊಂದೇ ಬಾಕಿ.

ಆವತ್ತು ಡಾಕ್ಟ್ರಮ್ಮ ತಮ್ಮ ಅಪ್ಪಣೆಯನ್ನು ತಾವೇ ಮುರಿದರು. ಡಬ್ಬಿಗೆ ಮೊದಲೇ ಕೊಳವೆ ಬಿಟ್ಟರು. ನೊರೆ ಎರಡೂ ಕಡೆ ಸರಾಗವಾಗಿ ಹರಿಯಿತು. ಗರ್ಭಕೋಶದಲ್ಲಿ ಗಂಟಿಲ್ಲ, ಗೆಡ್ಡೆಯಿಲ್ಲ. ಅತ್ತೆಯನ್ನು ಒಳಗೆ ಕರೆದು ಗೆದ್ದವರ ದನಿಯಲ್ಲಿ ಹೇಳಿದರು, "ನೋಡವ್ವ, ಎರಡೂ ಕಡೆ ತೂಬು ತೆರೆದೈತೆ."

"ಎಲ್ಡೂವಾ?" ಎಂದಳಂತೆ ಮುದುಕಿ.

"ಎರಡೂ. ಇನ್ನು ನಿನ್ನ ಮಗನ ಕಡೆಯದು ನೋಡಬೇಕು."

ಮುದುಕಿ ಹಣೆ ಹಣೆ ಚಚ್ಚಿಕೊಂಡು ಎದ್ದು ಹೋದಳು. ಮಗನ ಮೇಲೆ ಮಾತು ಬಂದದ್ದಕ್ಕೆ ಅವಮಾನವಾಯಿತು ಎಂದು ಡಾಕ್ಟ್ರಮ್ಮ ತಿಳಿದರು. ಅಂದು ಸಂಜೆ ನನಗೆ ಕಾರಾಬೂಂದಿ ತರಿಸಿಕೊಟ್ಟರು.

ಆ ಮುಂದಿನ ವಾರ ಗಂಡ ಬರಲಿಲ್ಲ. ಪವಿತ್ರ ಬಂದಳು. ಒಬ್ಬಳೇ, ಬಸ್ಸಿನಲ್ಲಿ, ಸೀರೆಯ ನೆರಿಗೆಯನ್ನು ಹೊಟ್ಟೆಗೆ ತಾಗದಂತೆ ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡು. ನನ್ನ ಲ್ಯಾಬಿನ ಬೆಂಚಿನ ಮೇಲೆ ಕೂರಲಾಗದೆ ಗೋಡೆ ಹಿಡಿದು ನಿಂತಳು. ಮೈಯಿಂದ ಸುಟ್ಟ ವಾಸನೆ, ಕೀವಿನ ವಾಸನೆ. ಕಿಬ್ಬೊಟ್ಟೆಯ ಎರಡೂ ಬದಿಗೆ ಬರೆ ಎಳೆದಿದ್ದರು. ಬ್ಯಾರನ್ ಒಲೆಯಲ್ಲಿ ಕುಡುಗೋಲು ಕೆಂಪಗೆ ಕಾಯಿಸಿ, ಬರೆ ಹಾಕುವ ಮುದುಕನೊಬ್ಬನನ್ನು ಕರೆಸಿ, ಎಡಕ್ಕೊಂದು ಬಲಕ್ಕೊಂದು. ನೊರೆ ಹೋದ ದಾರಿಯಲ್ಲೇ ಬೆಂಕಿ.

ಮೇಲೆ ಅವಳಿಗೆ ಮುಲಾಮು ಹಚ್ಚಿ, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿ, ಡಾಕ್ಟ್ರಮ್ಮ ಕೆಳಗೆ ಬಂದು ರೋಗಿಗಳ ಬೆಂಚಿನ ಮೇಲೆ ಕೂತರು.

"ಬರೆ ಹಾಕಿದ್ದು ನಾನೇ ಕಣಯ್ಯ ಲ್ಯಾಬು" ಅಂದರು.

ನನಗೆ ಅರ್ಥವಾಗಲಿಲ್ಲ.

"ಕೆರೆ ಕೆಳಗಿನೋರಿಗೆ ತೂಬು ತೆರೆದೈತೆ ಅಂತ ಹೇಳಿದೆನಲ್ಲ. ಕೆರೆಗೆ ತೂಬು ತೆರೆದುಕೊಂಡು ಬಿಟ್ಟರೆ ಏನಾಗುತ್ತೆ? ನೀರು ನಿಲ್ಲುತ್ತಾ? ಎರಡೂ ತೂಬು ತೆರೆದಿರೋದಕ್ಕೇ ಇವಳಲ್ಲಿ ಏನೂ ನಿಲ್ತಾ ಇಲ್ಲ, ಎಲ್ಲಾ ಸೋರಿ ಹೋಗ್ತಾ ಐತೆ ಅಂದುಕೊಂಡರು. ಬಿಗಿಯಾಗಲಿ ಅಂತ ಸುಟ್ಟರು." ಗಡಿಯಾರ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. "ಏಳು. ಕಾರು ತಗೀತೀನಿ."

ಅರಕಲಗೂಡಿನ ದಾರಿ ಹಿಡಿದೆವು. ಪೊಲೀಸರಿಗೆ ಹೇಳಿ ಹೋಗೋಣ ಮೇಡಂ ಎಂದು ನಾನು ಎರಡು ಮೂರು ಸಲ ಗೋಗರೆದೆ. ಪ್ರತಿ ಸಲವೂ ಅವರು ಗೇರು ಬದಲಿಸಿದರು. ಆ ಮನೆಯ ಜಗಲಿಯ ಮೇಲೆ ಗಂಡ ಬೆಂದ ಸೊಪ್ಪನ್ನು ವಿಂಗಡಿಸುತ್ತಾ ಕೂತಿದ್ದ. ಪಕ್ಕದಲ್ಲಿ ಸೊಪ್ಪು ಪೋಣಿಸುವ ಕೋಲುಗಳ ರಾಶಿ. ಮುದುಕಿ ಓಡಿ ಬಂದು ನೀರಿನ ಚೊಂಬು ಕೊಟ್ಟಳು. ಅವಳ ಮುಖದಲ್ಲಿ ಅಪರಾಧದ ಲವಲೇಶವೂ ಇರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

"ಒಳ್ಳೇದ್ಕೇ ಹಾಕ್ಸಿದ್ದು ಡಾಕ್ಟ್ರವ್ವ. ನೀವೇ ಯೋಳುದ್ರಲ್ಲ, ಎಲ್ಡೂ ತೆರ್ಕಂಡೈತೆ ಅಂತ. ಇನ್ನೇನ್ ಮಾಡಾನ?"

ಡಾಕ್ಟ್ರಮ್ಮ ಚೊಂಬನ್ನು ಕೆಳಗಿಟ್ಟರು. ಮುದುಕಿಯನ್ನು ಏನೂ ಅನ್ನಲಿಲ್ಲ. ಗಂಡನ ಹತ್ತಿರ ಹೋಗಿ ಕೇಳಿದರು, "ಬರೆ ಹಾಕುವಾಗ ಕಾಲು ಯಾರು ಹಿಡ್ಕೊಂಡಿದ್ದು?"

"ನಾನೇಯ. ಒದ್ದಾಡ್ತಿದ್ಲು, ಎಲ್ಲೆಲ್ಲೋ ಬಿದ್ರೆ ಕಷ್ಟ ಅಂತವ."

"ಡಬ್ಬಿ ಇಡಿಯಕ್ ಆಗ್ದಿದ್ ಕೈಯಾಗೆ ಕಾಲ್ ಇಡ್ಕಂಡ್ಯೇನ್ಲಾ?" ಎಂದವರೇ ಹೊಡೆದರು. ಒಂದಲ್ಲ. ಅವನು ಸೊಪ್ಪಿನ ರಾಶಿಯ ಮೇಲೆ ಬಿದ್ದ, ಎಬ್ಬಿಸಿ ಮತ್ತೆ ಹೊಡೆದರು. ಅವನ ಮೂಗಿನಿಂದ ರಕ್ತ ಬಂತು. ಆಗ ಅವನ 'ಸಾ, ಸಾ' ಎಲ್ಲಾ ಹಾರಿಹೋಗಿ, ಕೋಲೊಂದನ್ನು ಎಳೆದುಕೊಂಡು ಬೀಸಿದ. ಅಡ್ಡ ಹೋದ ನನ್ನ ಕನ್ನಡಕ ಒಡೆದು ಹುಬ್ಬು ಸೀಳಿತು. ಎರಡನೇ ಏಟಿಗೆ ಡಾಕ್ಟ್ರಮ್ಮ ಬಲಗೈ ಎತ್ತಿದರು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು, ಮಣಿಕಟ್ಟು ಜೋತುಬಿತ್ತು. ಮೂರನೇದು ಭುಜಕ್ಕೆ, ನಾಲ್ಕನೇದು ಬೆನ್ನಿಗೆ. ಅಕ್ಕಪಕ್ಕದವರು ಬಂದು ಅವನನ್ನು ಹಿಡಿದುಕೊಳ್ಳುವಷ್ಟರಲ್ಲಿ ಆಯಮ್ಮ ಅಂಗಳದ ಮಣ್ಣಿನಲ್ಲಿ ಕೂತಿದ್ದರು, ಅಳುತ್ತಿರಲಿಲ್ಲ. ಜೋತುಬಿದ್ದ ಕೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೆರೆದವರಿಗೆಲ್ಲ ಕೇಳಿಸುವ ಹಾಗೆ ಅಂದರು, "ಕೈ ಮುರುದ್ಬುಟ್ಟ. ಬಾಯಿ ಐತೆ, ಕೇಳ್ರಲಾ. ಆ ಮಗಿನಾಗೆ ಏನೂ ದೋಸ ಇಲ್ಲ."

ಆಮೇಲಿನದು ಸ್ಟೇಷನ್ನಿನಲ್ಲಿ. ಡಾಕ್ಟ್ರಮ್ಮನ ಕೈಗೆ ಪಟ್ಟಿ, ನನ್ನ ಹುಬ್ಬಿಗೆ ಹೊಲಿಗೆ. ಊರಿನ ಹಿರಿಯರು ರಾಜಿಗೆ ಬಂದಿದ್ದರು, ಪವಿತ್ರಳ ಅಪ್ಪನೂ ಅವರ ಜೊತೆಗೇ ಕೂತಿದ್ದ. ಡಾಕ್ಟ್ರಮ್ಮನೂ ಮೊದಲು ಕೈ ಮಾಡಿದ್ದಾರೆ, ಎರಡೂ ಕಡೆ ಕೇಸು ಬೀಳುತ್ತೆ, ಯಾಕೆ ಬೇಕು ಎಂದು ಇನ್‌ಸ್ಪೆಕ್ಟರು ಆಕಳಿಸಿದರು. ಹಿರಿಯರ ತೀರ್ಮಾನ ಸಲೀಸಾಗಿತ್ತು. ಕೇಸು ಎರಡೂ ವಾಪಸ್, ಹುಡುಗಿ ಗಂಡನ ಮನೆಗೆ ವಾಪಸ್. "ಏಟು ತಿನ್ನದೆ ಯಾರವ್ವ ಬಾಳಾಟ ಮಾಡವ್ರೆ? ಓಗು" ಎಂದ ಅಪ್ಪ. ಪವಿತ್ರ ತಲೆ ತಗ್ಗಿಸಿ, ಬಾಗಿಲ ಹತ್ತಿರ ನಿಂತಿದ್ದಳು. ನಿಂತ ಭಂಗಿಯಲ್ಲೇ ಹೊರಟವಳ ಹಾಗೆ ಇದ್ದಳು. ಆ ಮನೆಗೆ ಹೋದರೆ ಇವಳು ಜೀವಸಹಿತ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಡಾಕ್ಟ್ರಮ್ಮ ಎಡಗೈಯಿಂದ ವ್ಯಾನಿಟಿ ಬ್ಯಾಗ್ ತೆರೆದು ನೀಲಿ ಮುಚ್ಚಳದ ಡಬ್ಬಿಯನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟರು.

"ರಾಜಿಗೆ ನಾನು ತಯಾರು. ನನ್ನ ಕೈ ಮುರಿದದ್ದೂ ಮಾಫಿ. ನನಗೆ ಪರಿಹಾರ ಬೇಡ, ಕ್ಷಮಾಪಣೆ ಬೇಡ. ಇವನು ಇದೊಂದು ಪರೀಕ್ಷೆ ಮಾಡಿಸಲಿ. ರಿಪೋರ್ಟು ಇವನ ಕೈಗೇ, ಇವನ ಹೆಂಡತಿ ಕೈಗೇ. ನಾನು ಬಾಯಿ ಬಿಡೋದಿಲ್ಲ."

ಹಿರಿಯರಿಗೆ ಬಹಳ ಸಲೀಸು ಅನಿಸಿತು. "ಅಷ್ಟೇನಾ? ಮಾಡ್ಸ್ಲಾ ಅತ್ಲಾಗೆ" ಎಂದರು. ಇನ್‌ಸ್ಪೆಕ್ಟರು ಡಬ್ಬಿಯನ್ನು ಬೆರಳಿನಿಂದ ಅವನ ಕಡೆ ತಳ್ಳಿದರು. ಅವನು ಅದನ್ನು ನೋಡಿದ. ಎಲ್ಲರೂ ಅವನನ್ನು ನೋಡಿದರು. ಇಸ್ತ್ರಿ ಅಂಗಿಯ ಕಂಕುಳು ಒದ್ದೆಯಾಯಿತು. ಅವನು ಎದ್ದು ನಿಂತು ಎರಡೂ ಕೈಯನ್ನು ಮುಂದೆ ಚಾಚಿದ.

"ಜೈಲಿಗೆ ಆಕ್ಬುಡಿ ಸಾ. ಅದ್ನ ಮಾತ್ರ ಅತ್ಲಾಗ್ ತಗೀರಿ."

ಡಾಕ್ಟ್ರಮ್ಮ ತಿರುಗಿ ಪವಿತ್ರಳಿಗೆ ಮೆಲ್ಲಗೆ ಹೇಳಿದರು, "ಇದೇ ಕಣವ್ವ ರಿಪೋರ್ಟು." ಪವಿತ್ರ ತಲೆ ಎತ್ತಿದಳು. ಅಪ್ಪನನ್ನು ನೋಡದೆ, ಗಂಡನನ್ನು ನೇರವಾಗಿ ನೋಡಿ, "ನಾನ್ ಓಗಾಕಿಲ್ಲ" ಅಂದಳು. ಅವಳು ಬಾಯಿ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವನು ಕೆಲವು ತಿಂಗಳು ಒಳಗಿದ್ದು ಬಂದ. ಡಾಕ್ಟ್ರಮ್ಮನ ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಎಡಗೈಯಲ್ಲಿ ಸ್ಕ್ಯಾನ್ ಮಾಡುವುದನ್ನು ಹೊಸದಾಗಿ ಕಲಿತರು. ಸಿರಿಂಜಿನಲ್ಲಿ ನೊರೆ ಎಬ್ಬಿಸುವುದು ಮಾತ್ರ ಆ ಮಣಿಕಟ್ಟಿಗೆ ಆಗುತ್ತಿರಲಿಲ್ಲ, ಅದಕ್ಕೆ ರಭಸ ಬೇಕು. ಆ ಕೆಲಸ ಪವಿತ್ರಳಿಗೆ ಬಂತು. ಹತ್ತಿರದಲ್ಲೇ ಒಂದು ರೂಮು ಹಿಡಿದು, ಕೆಲಸ ಕಲಿತು, ಅವರ ಬಲಗೈಯೇ ಆದಳು. ಕೆನ್ನೆಗೆ ಹೊಡೆಯುವುದೂ ನಿಂತಿತು. ಬುದ್ಧಿ ಬಂತು ಎಂದು ನಾನು ರೇಗಿಸಿದರೆ, "ಎಲ್ಲಿಯ ಬುದ್ಧಿ, ಮೂಳೆ ಹೋಯ್ತು" ಎನ್ನುತ್ತಿದ್ದರು.

ಆಲೂಗಡ್ಡೆ, ತೂಬು, ನಾಲೆ ಎಲ್ಲವನ್ನೂ ಬಿಟ್ಟರು. ಬರೀ ಒಣ ಮಾತು. ಹೇಳಿದ ಮೇಲೆ, "ಈಗ ನಾನೇನು ಹೇಳಿದೆ, ನೀನು ಹೇಳವ್ವ" ಎಂದು ಅತ್ತೆಯ ಬಾಯಲ್ಲೇ ಹೇಳಿಸುತ್ತಿದ್ದರು. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ. ಹೊರಗೆ ಎಷ್ಟೇ ಜನ ಕಾಯಲಿ. ಒಮ್ಮೊಮ್ಮೆ ಸಂಜೆ ಅವರೆಕಾಳು ಹಿಸುಕುತ್ತಾ ಕೈ ನಿಲ್ಲಿಸಿ, "ಅವತ್ತು ನಾಳ ಅಂದಿದ್ದರೆ ಸಾಕಾಗಿತ್ತಲ್ಲಯ್ಯ. ನನಗೆ ಯಾಕೆ ಬೇಕಿತ್ತು ತೂಬು?" ಎನ್ನುತ್ತಿದ್ದರು. ನಾನು ಎಷ್ಟು ಸಮಾಧಾನ ಹೇಳಿದರೂ ಆ ಪ್ರಶ್ನೆ ಹೋಗಲಿಲ್ಲ. ಕೊನೆಗೆ ಅದು ಹೋದದ್ದು ಅವರ ಜೊತೆಗೇ. ನಿಂತ ಹಾಗೇ ಹೃದಯ ನಿಂತಿತು. ಚನ್ನರಾಯಪಟ್ಟಣದ ಅವರ ಹೊಲದಲ್ಲಿ ಮಣ್ಣು ಮಾಡಿದಾಗ ಪವಿತ್ರ ಗಂಡಸರ ಹಿಂದೆ ನಿಲ್ಲದೆ ಮುಂದೆ ಬಂದು ಮಣ್ಣು ಹಾಕಿದಳು. ಯಾರೂ ಬೇಡ ಅನ್ನಲಿಲ್ಲ.

ಈಗ ಮೇಲಿನ ಕೋಣೆಗೆ ಹೊಸ ಡಾಕ್ಟ್ರು ಬಂದಿದ್ದಾರೆ. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ, ಅವಸರ ಜಾಸ್ತಿ. ಗಂಡ ಡಬ್ಬಿ ಈಸಿಕೊಳ್ಳಲಿ ಬಿಡಲಿ, ಹೆಂಡತಿಯ ಪರೀಕ್ಷೆ ನಡೆದುಬಿಡುತ್ತದೆ. ಮೊನ್ನೆ ಒಂದು ರಿಪೋರ್ಟು ಕೊಡಲು ಮೇಲೆ ಹೋದಾಗ, "ಟ್ಯೂಬ್ ಎರಡೂ ಓಪನ್ ಇದೆಯಮ್ಮ, ಏನೂ ತೊಂದರೆ ಇಲ್ಲ" ಎನ್ನುತ್ತಾ ಫೋನು ಹಿಡಿದು ಹೊರಗೆ ಬಂದರು. ಕೆಳಗೆ ನನ್ನ ಹತ್ತಿರ ಡಬ್ಬಿ ಬೇಡವೆಂದು ಬಂದಿದ್ದ ಗಂಡ ಹೊರಗಿನ ಬೆಂಚಿನಲ್ಲಿ ಮೊಬೈಲು ನೋಡುತ್ತಿದ್ದ. ಒಳಗೆ ಅತ್ತೆಯ ದನಿ, "ತೆರ್ಕಂಡೈತಾ? ಅಂಗಾರೆ ನಿಂತ್ಕಳದು ಎಂಗವ್ವ?"

ನಾನು ರಿಪೋರ್ಟು ಹಿಡಿದು ಅಲ್ಲೇ ನಿಂತೆ. ಪರದೆಯ ಆಚೆ ಬಟ್ಟೆ ಸರಿದ ಸದ್ದು. ಆಮೇಲೆ ಪವಿತ್ರಳ ದನಿ, ಜೋರಿಲ್ಲ, ಒಣ ದನಿ. "ತೆರ್ಕಂಡೇ ಇರ್ಬೇಕು ಕಣಮ್ಮ. ಮಗು ಆಗೋ ದಾರಿ ಅದು. ಸೋರೋದಲ್ಲ. ನೋಡಿಲ್ಲಿ, ನಮ್ಮತ್ತೆ ಸೋರ್ತೈತೆ ಅಂತ ತಿಳ್ಕಂಡ್ರು. ಮುಟ್ಟಿ ನೋಡಿ, ಪರವಾಗಿಲ್ಲ."

ಪರದೆಯ ಆಚೆ ಮುದುಕಿಯ ಬಳೆ ಸದ್ದು ಮಾಡಿತು.

"ಅಯ್ಯೋ ನನ್ ಮಗಳೇ" ಎಂದಳು ಮುದುಕಿ. "ಕೂಗ್ಕಳಾಕ್ ಆಗ್ನಿಲ್ವಾ? ಯಾರೂ ಬರ್ನಿಲ್ವಾ?"

"ಕೂಗ್ದೆ ಕಣಮ್ಮ. ಕೇಳುಸ್ಕಂಡೋರೆಲ್ಲ ನನ್ ಕೈಕಾಲು ಇಡ್ಕಂಡಿದ್ರು."

ಪರದೆ ಸರಿಸಿಕೊಂಡು ಮುದುಕಿ ಹೊರಗೆ ಬಂದಳು. ನನ್ನನ್ನು ನೋಡಲಿಲ್ಲ. ಬೆಂಚಿನ ಮೇಲಿದ್ದ ಮಗನ ಕೈಯಿಂದ ಮೊಬೈಲು ಕಿತ್ತುಕೊಂಡು, "ಏಳ್ಲಾ ಮ್ಯಾಕೆ. ಕೆಳೀಕ್ ಓಗಿ ಅದೇನ್ ಡಬ್ಬಿನೋ ಈಸ್ಕೊ" ಅಂದಳು. ಅವನು ಏನೋ ಗೊಣಗಿದ. ಮುದುಕಿ ಕೈ ಎತ್ತಿದಳು. ಅವನು ಎದ್ದ.

ನಾನು ಅವನಿಗಿಂತ ಮೊದಲು ಮೆಟ್ಟಿಲಿಳಿದು ಬಂದು, ನೀಲಿ ಮುಚ್ಚಳದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು ಕಾಯುತ್ತಾ ನಿಂತೆ.